ಅಮೇರಿಕದ ಹೆಂಡತಿಗೆ ಒಂದು ಮುಷ್ಟಿ

ಮೊರದಲ್ಲಿಯ ಅಕ್ಕಿ ಅರ್ಧ ಹಸನಾಗಿತ್ತು. ವನಜಾಕ್ಷಿ ಅದರಿಂದ ಒಂದು ಮುಷ್ಟಿ ಎತ್ತಿ ಒಲೆಯ ಪಕ್ಕದ ಮಣ್ಣಿನ ಗಡಿಗೆಗೆ ಹಾಕಿ, ಉಳಿದದ್ದರಲ್ಲಿ ಕಲ್ಲು ಹುಡುಕತೊಡಗಿದಳು. ದಿನಾ ಅನ್ನಕ್ಕಿಡುವ ಮೊದಲು ಹೀಗೆ ಒಂದು ಮುಷ್ಟಿ ಕನ್ನಡ ಸಂಘಕ್ಕೆ. ನಾಗಪುರದ ಆ ಗಿರಣಿ ಚಾಳಿನಲ್ಲಿದ್ದ ಕನ್ನಡದ ಮನೆಗಳಲ್ಲೆಲ್ಲ ಇಂಥದೊಂದು ಗಡಿಗೆ ಇತ್ತು. ವರ್ಷವಿಡೀ ಹೆಂಗಸರು ಹಾಕಿದ ಅಕ್ಕಿ ಯುಗಾದಿಯ ದಿನ ಸಂಘದ ಊಟವಾಗುತ್ತಿತ್ತು. ಗಂಡಸರು ಭಾಷಣ ಮಾಡುತ್ತಿದ್ದರು, ಭಾಷಣದಿಂದ ಹಸಿವಾಗುತ್ತಿತ್ತು, ಹಸಿದವರು ಉಣ್ಣುತ್ತಿದ್ದರು. ಸಂಸ್ಕೃತಿ ಬೆಳೆಯುವುದು ಹೀಗೆಯೇ.

"ಮಾನ್ಯ ಅಧ್ಯಕ್ಷರೇ!" ಹೊರಗಿನ ಕೋಣೆಯಿಂದ ಗಂಡನ ದನಿ ಬಂತು. "ಇಂದು ಅಮೇರಿಕಾ ಒಂದು ಪ್ರಪಾತದ ಅಂಚಿನಲ್ಲಿ ನಿಂತಿದೆ!"

ವನಜಾಕ್ಷಿ ಮೊರ ಹಿಡಿದು ಎದ್ದಳು. ಎದ್ದ ಕೂಡಲೇ ಬಲಪಕ್ಕೆಯಲ್ಲಿ ಯಾರೋ ಒಳಗಿನಿಂದ ಹಗ್ಗ ಬಿಗಿದಂತಾಯಿತು. ಮಳೆಗಾಲ ಮುಗಿದಂದಿನಿಂದ ಬರುತ್ತಿದ್ದ ನೋವು. ಗೋಡೆಗೆ ಕೈಕೊಟ್ಟು, ಅಮೇರಿಕಾ ಪ್ರಪಾತದಿಂದ ಹಿಂದೆ ಸರಿಯುವವರೆಗೆ ಸುಮ್ಮನೆ ನಿಂತಳು.

ಪಕ್ಕದ ಮನೆಯ ಕಾಶಿಬಾಯಿ ಹಿತ್ತಿಲ ಬಾಗಿಲಲ್ಲಿ ಇಣುಕಿದಳು. ಆಕೆ ಮರಾಠಿಯವಳು, ಗೋಡೆಯಾಚೆಯಿಂದ ಕೇಳಿ ಕೇಳಿ ಕನ್ನಡ ಕಲಿತವಳು. ಗೋಡೆಯಾಚೆಯಿಂದ ಕೇಳದ ವಿಷಯವೂ ಆಕೆಗೆ ಗೊತ್ತಿರುತ್ತಿತ್ತು.

"ವೈನೀ, ರಾವಸಾಹೇಬ ಮುಂಜಾನೆದ್ದು ಯಾರಿಗೆ ಬೈಲಿಕ್ಕೆ ಹತ್ಯಾರ?"

"ಅಮೇರಿಕಾಕ್ಕ."

"ಅಗಬಾಈ! ಏನ ಮಾಡ್ತು ಅದು?"

"ಅಲ್ಲೆ ಜನರ ಬ್ಯಾನಿ ಬ್ಯಾಸರಕಿಗೆ ಸರಕಾರ ವಿಮಾ ಮಾಡಿಸಬೇಕೋ ಬ್ಯಾಡೋ ಅಂತ ದೊಡ್ಡ ಜಗಳ ನಡದದಂತ. ಡಾಕ್ಟರು ಬ್ಯಾಡ ಅಂತಾರಂತ. ಇವರೂ ಬ್ಯಾಡ ಅಂತಾರ."

ಕಾಶಿಬಾಯಿಯ ಕಣ್ಣು ವನಜಾಕ್ಷಿಯ ಪಕ್ಕೆಯ ಮೇಲಿದ್ದ ಕೈಗೆ ಹೋಯಿತು. "ಡಾಕ್ಟರಂದ್ರ ನೆನಪಾತು. ಧಂತೋಲಿ ಓಣಿ ಡಾಕ್ಟರ ಬಾಈ ಕಡೆ ಯಾವಾಗ ಬರ್ತೀರಿ? ಬರೋಬರ್ ನೋಡ್ತಾಳ. ರೊಕ್ಕಾ ಇಲ್ಲಂದ್ರ ತಾಂದೂಳ ತಗೋತಾಳ, ಜ್ವಾರಿ ತಗೋತಾಳ. ನನ್ನ ನಣಂದ, ಗಂಡನ ತಂಗಿ, ಒಂದು ಡಬ್ಬಿ ಅಕ್ಕಿ ಕೊಟ್ಟು ಚಲೋ ಆಗಿ ಬಂದ್ಲು."

ವನಜಾಕ್ಷಿ ಸೆರಗು ಸರಿಮಾಡಿಕೊಂಡಳು. "ಕಾರಕೂನರ ಮನೀಯವರು ನಾವು ಕಾಶಿಬಾಯಿ. ಬಗಲಾಗ ಅಕ್ಕಿ ಡಬ್ಬಿ ಇಟಗೊಂಡು ದವಾಖಾನಿ ಮೆಟ್ಟಲಾ ಹತ್ತೋದೇನು? ಗಿರಣಿಗೆ ಸರಕಾರದ ವಿಮಾ ಬರ್ತದಂತಲ್ಲ, ಆವಾಗ ನೋಡೋಣು."

"ಅದರಾಗ ಹೆಂಡ್ತಿ ಬರ್ತಾಳೇನು?"

ವನಜಾಕ್ಷಿ ಮೊರದಲ್ಲಿ ಇನ್ನೊಂದು ಕಲ್ಲು ಹುಡುಕಿದಳು. ಆ ಪ್ರಶ್ನೆಯನ್ನು ಆಕೆ ಗಂಡನಿಗೆ ಕೇಳಿದ್ದಳು. ಆತ ಅಮೇರಿಕದ ರಾಜ್ಯಗಳು ಎಷ್ಟು ಎಂದು ಹೇಳಿದ್ದ.

ಈ ಭಾಷಣದ ಹಿಂದೆ ಒಂದು ಇತಿಹಾಸವಿದೆ. ಹಲವು ವರ್ಷಗಳ ಹಿಂದೆ ನಮ್ಮ ಸಂಘದಲ್ಲಿ 'ಗಿರಣಿಯ ಮುಷ್ಕರ ನ್ಯಾಯವೋ ಅನ್ಯಾಯವೋ' ಎಂಬ ಚರ್ಚೆ ನಡೆಯಿತು. ನ್ಯಾಯದ ಪಕ್ಷದವರು ಬೆಂಚು ಎತ್ತಿದರು, ಅನ್ಯಾಯದ ಪಕ್ಷದವರು ಕಂದೀಲು ಎತ್ತಿದರು, ಅಧ್ಯಕ್ಷ ಗುರುಸಿದ್ದಪ್ಪನವರ ತಲೆಯ ರುಮಾಲು ಮರುದಿನ ಬಾವಿಯಲ್ಲಿ ಸಿಕ್ಕಿತು. ಒದ್ದೆ ರುಮಾಲನ್ನು ಹಿಂಡುತ್ತಲೇ ಅವರು ಒಂದು ನಿಯಮ ಮಾಡಿದರು: ನಾಗಪುರದಿಂದ ಸಾವಿರ ಮೈಲಿಯ ಒಳಗಿನ ಯಾವ ವಿಷಯವನ್ನೂ ಸಂಘದಲ್ಲಿ ಚರ್ಚಿಸಕೂಡದು.

ಅಂದಿನಿಂದ ನಮ್ಮ ಜನ ಜಪಾನಿನ ರೇಷ್ಮೆ, ಸ್ವಿಜರ್ಲೆಂಡಿನ ಗಡಿಯಾರ, ಉತ್ತರ ಧ್ರುವದ ಹವಾಮಾನ ಇವುಗಳ ಬಗ್ಗೆ ಖಚಿತವಾದ ಅಭಿಪ್ರಾಯ ಹೊಂದಿದವರಾದರು. ಕರ್ನಾಟಕದ ಏಕೀಕರಣವೂ ಸಾವಿರ ಮೈಲಿಯ ಒಳಗೇ ಬರುತ್ತಿದ್ದುದರಿಂದ ಅದನ್ನು ಚರ್ಚಿಸಲಾಗಲಿಲ್ಲ. ಎಲ್ಲರೂ ಎದ್ದು ನಿಂತು ಜಯಕಾರ ಮಾತ್ರ ಹಾಕಿದರು. ಪರಸ್ಥಳದಲ್ಲಿದ್ದೂ ಜಗತ್ತಿನ ಭಾರ ಹೊತ್ತ ಸಂಘ ಇನ್ನೊಂದಿಲ್ಲ ಎಂಬ ಹೆಮ್ಮೆ ನಮ್ಮ ಚಾಳಿಗೆ ಇತ್ತು, ಈಗಲೂ ಇದೆ.

ಆ ವರ್ಷದ ವಿಷಯ ಆರಿಸಲು ಸಭೆ ಕೂಡಿದಾಗ ವನಜಾಕ್ಷಿಯ ಗಂಡ ನರಹರಿರಾಯರು ಮೂಲೆಯಲ್ಲಿ ಕುಳಿತಿದ್ದರು. ಗಿರಣಿಯ ಟೈಂ ಆಫೀಸಿನಲ್ಲಿ ಕಾರಕೂನರು. ಕೂಲಿಕಾರರು ಒಳಗೆ ಬಂದರೋ ಇಲ್ಲವೋ ಎಂದು ಕಿಂಡಿಯಿಂದ ನೋಡಿ ಗುರುತು ಹಾಕುವ ಕೆಲಸ. ಸಾಹೇಬರು ಓದಿ ಬಿಟ್ಟ ಇಂಗ್ಲಿಷ್ ಪತ್ರಿಕೆಯನ್ನು ಮರುದಿನ ಡಬ್ಬಿಯ ರೊಟ್ಟಿಯ ಜೊತೆ ಓದುತ್ತಿದ್ದರು. ಹಾಗಾಗಿ ಅವರಿಗೆ ಜಗತ್ತು ಯಾವಾಗಲೂ ಒಂದು ದಿನ ತಡವಾಗಿ, ಚಟ್ನಿಯ ಎಣ್ಣೆಯ ಕಲೆಯೊಂದಿಗೆ ತಿಳಿಯುತ್ತಿತ್ತು. ಅಂದು ಅವರು "ಹಿರಿಯರು ಮಾತಾಡಲಿ, ನಾ ಕೇಳ್ತೀನಿ" ಅನ್ನಬೇಕೆಂದು ಎದ್ದರು. ಎದ್ದಾಗ ಎಲ್ಲರೂ ತಮ್ಮ ಕಡೆಗೇ ನೋಡುತ್ತಿದ್ದುದು ಕಂಡಿತು. ನಾಲಗೆ ಬೇರೆ ದಾರಿ ಹಿಡಿಯಿತು.

"ಅಮೇರಿಕದ ಆರೋಗ್ಯ ವಿಮಾ ಪ್ರಶ್ನೆಯನ್ನು ನಾನು ಕೂಲಂಕಷವಾಗಿ ಬಲ್ಲೆ," ಅಂದುಬಿಟ್ಟರು.

ಗುರುಸಿದ್ದಪ್ಪನವರು ಮೈಲಿಗಳನ್ನು ಮನಸ್ಸಿನಲ್ಲೇ ಅಳೆದು ತೃಪ್ತರಾದರು. ಸಂಘದ ಪದ್ಧತಿಯಂತೆ ಪರ-ವಿರೋಧದ ಚೀಟಿ ಎತ್ತಿಸಿದರು. ನೇಯ್ಗೆ ಖಾತೆಯಲ್ಲಿ ಕೂಲಿಕಾರರ ಮೇಲ್ವಿಚಾರಕನಾದ ಜಾಬರ್ ರುದ್ರಪ್ಪನಿಗೆ 'ಬೇಕು' ಬಂತು. ನರಹರಿರಾಯರಿಗೆ 'ಬೇಡ' ಬಂತು.

ಗಿರಣಿಗೆ ಸರಕಾರಿ ವಿಮೆ ಬರುವ ಸುದ್ದಿ ಆಗಲೇ ಹಬ್ಬಿತ್ತು. ಪಗಾರದಲ್ಲಿ ಸ್ವಲ್ಪ ಹಿಡಿದುಕೊಳ್ಳುತ್ತಾರೆ, ಕಾಯಿಲೆ ಬಿದ್ದರೆ ಸರಕಾರಿ ದವಾಖಾನೆಯಲ್ಲಿ ಔಷಧ ಕೊಡುತ್ತಾರೆ, ಹಾಸಿಗೆ ಹಿಡಿದ ದಿನಗಳಿಗೂ ಏನಾದರೂ ಕೊಡುತ್ತಾರೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಕೆಲವರು ನಂಬಿದ್ದರು, ಕೆಲವರು ನಂಬಿರಲಿಲ್ಲ. ಆದರೆ ಅದು ಸಾವಿರ ಮೈಲಿಯ ಒಳಗಿನ ಮಾತು. ಸಂಘದಲ್ಲಿ ಅದನ್ನು ಆಡುವಂತಿರಲಿಲ್ಲ. ಎಲ್ಲರೂ ಅಮೇರಿಕದ ಬಗ್ಗೆಯೇ ಮಾತಾಡಿದರು. ಮರುದಿನ ಬೆಳಗಾಗುವಷ್ಟರಲ್ಲಿ, ನರಹರಿರಾಯರು ಬೇಡ ಅಂದರೆ ಅಮೇರಿಕಾ ಬೇಡ ಅನ್ನುತ್ತದೆ, ಅಮೇರಿಕಾ ಬೇಡ ಅಂದರೆ ನಮ್ಮ ಗಿರಣಿಗೂ ಬರುವುದಿಲ್ಲ ಎಂಬ ತರ್ಕ ಚಾಳಿನ ನಲ್ಲಿಯ ಬಳಿ ಸಿದ್ಧವಾಗಿತ್ತು.

ರವಿವಾರ ನರಹರಿರಾಯರು ಬೇವಿನ ಮರದ ಕೆಳಗೆ ನಾವಿಯ ಮುಂದೆ ಕುಳಿತರು. ನಾವಿ ಎಡಗೆನ್ನೆಯನ್ನು ಕನ್ನಡಿಯಂತೆ ಮಾಡಿದ. ಕತ್ತಿಯನ್ನು ಚರ್ಮದ ಪಟ್ಟಿಗೆ ತಿಕ್ಕುತ್ತ ಕೇಳಿದ:

"ರಾವಸಾಹೇಬ, ಖರೇ ಏನು? ನೀವು ವಿಮಾದ ವಿರುದ್ಧ ಇದ್ದೀರಂತ?"

"ನಾ ಅಲ್ಲ, ನನ್ನ ಚೀಟಿ..."

"ನನ್ನ ತಮ್ಮ ಸ್ಪಿನ್ನಿಂಗದಾಗ ಇದ್ದಾನ. ವರ್ಷಾತು, ಕೆಮ್ಮು ಬಿಟ್ಟಿಲ್ಲ. ವಿಮಾ ಬಂದರ ಬದುಕ್ತೀನಿ ಅಂತ ಕೂತಾನ."

"ಅಲ್ಲಪಾ, ನಾ ಅಮೇರಿಕದ್ದು..."

ನಾವಿ ಕತ್ತಿ ಮಡಿಚಿ ಪೆಟ್ಟಿಗೆಯಲ್ಲಿಟ್ಟ. "ಹಾಂಗಾರ ಉಳಿದ ಅರ್ಧಾ ಅಮೇರಿಕದ ನಾವಿ ಮಾಡ್ತಾನ."

ನರಹರಿರಾಯರು ಬಲಗೆನ್ನೆಗೆ ಸಾಬೂನಿನ ನೊರೆ ಹೊತ್ತು ಮನೆಗೆ ಬಂದರು. ದಾರಿಯಲ್ಲಿ ಎಡಗಡೆಯಿಂದ ನೋಡಿದವರು ನಮಸ್ಕಾರ ಮಾಡಿದರು. ಬಲಗಡೆಯಿಂದ ನೋಡಿದವರು ನಕ್ಕರು. ಜಗತ್ತಿನ ದೊಡ್ಡ ಪ್ರಶ್ನೆಗಳನ್ನು ಹೊತ್ತವರಿಗೆ ಇಂಥ ದಿನಗಳು ಬರುತ್ತವೆ.

"ಏನ್ರಿ ಇದು?" ಎಂದಳು ವನಜಾಕ್ಷಿ.

"ಅಭಿಪ್ರಾಯಭೇದ," ಎಂದರು ರಾಯರು ಗಂಭೀರವಾಗಿ.

ಆಕೆ ಕನ್ನಡಿ ಹಿಡಿದುಕೊಂಡು ನಿಂತಳು, ರಾಯರು ತಾವೇ ಬಲಗೆನ್ನೆಯನ್ನು ಎರಡು ಕಡೆ ಕೊಯ್ದುಕೊಂಡರು.

ಅದೇ ವಾರ ಚಾಳಿನ ಮುಂದೆ ಒಂದು ಜೀಪು ಬಂದು ನಿಂತಿತು. ಆ ಕಾಲದಲ್ಲಿ ನಮ್ಮ ಚಾಳಿಗೆ ಜೀಪು ಬರುವುದಕ್ಕೆ ಎರಡೇ ಕಾರಣ: ಯಾರನ್ನಾದರೂ ಹಿಡಿದೊಯ್ಯುವುದು, ಇಲ್ಲವೇ ಸಿಡುಬು ಬಾರದಂತೆ ದೇವಿ ಚುಚ್ಚುವುದು. ದೇವಿ ಚುಚ್ಚುತ್ತಾರೆಂದು ಕೆಲವರು ಮಕ್ಕಳನ್ನು ಮಂಚದ ಕೆಳಗೆ ದೂಡಿದರು. ಉಳಿದವರು ನರಹರಿರಾಯರ ಮನೆಯ ಮುಂದೆ ನೆರೆದರು.

"ಹೇಳಿದ್ನಲ್ಲ," ಎಂದು ಜಾಬರ್ ರುದ್ರಪ್ಪ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ, "ದೊಡ್ಡ ದೇಶದ ಉಸಾಬರಿ ಮಾಡಬಾರ್ದು ಅಂತ. ಅಮೇರಿಕದಾಂವ ಡಿಲ್ಲಿಗೆ ಫೋನ್ ಹಚ್ಚ್ಯಾನ. ಪಾಪ, ರಾಯರು ಸಜ್ಜನ ಮನಷ್ಯಾ ಇದ್ರು."

"ಇದ್ರು ಅಂತೀರಲ್ರಿ, ಇನ್ನೂ ಒಳಗ ಕೂತಾರ," ಎಂದಳು ಅವನ ಹೆಂಡತಿ ಯಲ್ಲಮ್ಮ, ಕಣ್ಣು ಕಿರಿದು ಮಾಡಿ ಜೀಪಿನ ಕಡೆ ನೋಡುತ್ತ. "ಅದು ಜೀಪೋ ಬಂಡಿಯೋ?"

ಜೀಪಿನಿಂದ ಇಳಿದವರು ಹೊಸ ವಿಮಾ ಕಚೇರಿಯ ಸಾಹೇಬರು, ಗುಂಡಪ್ಪನವರು. ಮೈಸೂರು ಕಡೆಯವರು, ಯೋಜನೆ ಬರುವ ಮೊದಲೇ ಕಾರ್ಮಿಕರಿಗೆ ಅದರ ಗುಣಗಾನ ಮಾಡಲು ನೇಮಕವಾದವರು. ರಾಯರ ಮನೆಯಲ್ಲಿ ಕೂತು ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕುಡಿದರು.

"ಏನು ಕಾಫಿ, ಏನು ಕಾಫಿ! ನೋಡಿ ರಾಯರೇ, ಯುಗಾದಿ ಸಭೆಗೆ ನನ್ನನ್ನ ಮುಖ್ಯ ಅತಿಥಿಯಾಗಿ ಕರ್ದಿದಾರೆ. ತಾವು ವಿಮೆ ಬೇಡ ಅಂತ ಮಾತಾಡ್ತೀರಂತಲ್ಲ. ತಮ್ಮಂಥ ವಿದ್ಯಾವಂತರೇ ಹಾಗಂದ್ರೆ ಕೂಲಿ ಜನ ಏನು ಮಾಡ್ಬೇಕು ಹೇಳಿ?"

"ಹಾಂಗೇನಿಲ್ರಿ ಸರ," ಎಂದರು ರಾಯರು ಅರ್ಧ ಎದ್ದು. "ವಿಮಾ ಬೇಕೇ ಬೇಕು. ನಾ ಯಾವಾಗಲೂ ಅದನ್ನೇ ಹೇಳ್ಕೋತ ಬಂದೀನಿ."

ಅಡುಗೆಮನೆಯ ಬಾಗಿಲ ಮರೆಯಿಂದ ವನಜಾಕ್ಷಿಯ ದನಿ ಬಂತು. "ಅದರಾಗ ಹೆಂಡ್ತಿ ಬರ್ತಾಳೇನ್ರಿ?"

ಗುಂಡಪ್ಪನವರು ಲೋಟ ಕೆಳಗಿಟ್ಟರು. "ಬಹಳ ಒಳ್ಳೇ ಪ್ರಶ್ನೆ ತಾಯಿ. ಇಂಥ ಪ್ರಶ್ನೆ ಬರ್ಬೇಕು. ಈಗ ಇಂಗ್ಲೆಂಡನ್ನ ತಗೊಳ್ಳಿ..." ಎಂದು ಇಂಗ್ಲೆಂಡನ್ನು ತೆಗೆದುಕೊಂಡರು, ಜರ್ಮನಿಯನ್ನೂ ತೆಗೆದುಕೊಂಡರು, ಇನ್ನೊಂದು ಲೋಟ ಕಾಫಿಯನ್ನೂ ತೆಗೆದುಕೊಂಡರು. ಜೀಪು ಹೊರಟುಹೋಯಿತು. ಅವರು ಏನನ್ನು ಕೊಟ್ಟರು ಎಂಬುದು ವನಜಾಕ್ಷಿಗೆ ತಿಳಿಯಲಿಲ್ಲ.

ಜೀಪಿನ ಧೂಳು ಆರುವ ಮೊದಲೇ ಗುರುಸಿದ್ದಪ್ಪನವರು ರುಮಾಲು ಒತ್ತಿ ಹಿಡಿದು ಬಂದರು. ನರಹರಿರಾಯರು ಪಕ್ಷ ಬಿಟ್ಟರೆಂದು ಅವರಿಗೆ ಸುದ್ದಿ ಮುಟ್ಟಿತ್ತು.

"ಚೀಟಿ ಅಂದ್ರ ಚೀಟಿ, ರಾಯರ. ಬ್ಯಾಡ ಅಂತ ಬಂದೈತಿ, ಬ್ಯಾಡ ಅಂತ್ಲೇ ಮಾತಾಡಬೇಕು. ಇವತ್ತ ನೀವು ಚೀಟಿ ಮೀರಿದ್ರ ನಾಳೆ ಮತ್ತ ನನ್ನ ರುಮಾಲು ಬಾವ್ಯಾಗ ಬೀಳತೈತಿ."

"ಹಾಂಗೇನಿಲ್ರಿ," ಎಂದರು ರಾಯರು. "ವಿಮಾ ಬ್ಯಾಡೇ ಬ್ಯಾಡ. ನಾ ಯಾವಾಗಲೂ ಅದನ್ನೇ ಹೇಳ್ಕೋತ ಬಂದೀನಿ."

ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ ಕಡೆಗೆ ಎರಡೂ ಭಾಷಣಗಳನ್ನು ಬಾಯಿಪಾಠ ಮಾಡತೊಡಗಿದರು. ಸಭೆಯಲ್ಲಿ ಗಾಳಿ ಯಾವ ಕಡೆ ಬೀಸುತ್ತದೆಯೋ ನೋಡಿ ಅದನ್ನು ಆಡುವುದು ಎಂದು ನಿಶ್ಚಯ. ಮುಂಜಾನೆ ಹಲ್ಲುಜ್ಜುತ್ತ 'ಬೇಕು', ಸಂಜೆ ಬಟ್ಟೆ ಹಾಕುವ ಗೂಟದ ಮುಂದೆ ನಿಂತು 'ಬೇಡ'. ಒಲೆಯ ಮುಂದೆ ಕುಳಿತ ವನಜಾಕ್ಷಿಗೆ ಎರಡೂ ಬಂದುಬಿಟ್ಟವು. ಗಂಡ ಮರೆತಲ್ಲಿ ಆಕೆ ರೊಟ್ಟಿ ತಟ್ಟುತ್ತಲೇ ಹೇಳಿಕೊಡುತ್ತಿದ್ದಳು:

"ಸರಕಾರವು ವೈದ್ಯ ಮತ್ತು ರೋಗಿಯ ನಡುವೆ..."

"ಹಾಂ, ನಡುವೆ ಗೋಡೆಯಾಗಿ ನಿಲ್ಲಬಾರದು! ಬರೋಬರ್. ನಿನಗೂ ಬುದ್ಧಿ ಅದ ನೋಡು," ಎಂದು ರಾಯರು ಬೆರಗಾಗುತ್ತಿದ್ದರು.

ಎರಡೂ ಭಾಷಣಗಳಲ್ಲಿ ವೈದ್ಯನಿದ್ದ, ರೋಗಿಯಿದ್ದ, ಸರಕಾರವಿತ್ತು. ಬಿಂದಿಗೆ ಎತ್ತುವಾಗ ಉಸಿರು ಹಿಡಿದು ನಿಲ್ಲುವ ಹೆಂಗಸು ಯಾವುದರಲ್ಲೂ ಇರಲಿಲ್ಲ. ವನಜಾಕ್ಷಿ ಎರಡನ್ನೂ ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿ ಹಾಕಿ ನೋಡಿದಳು.

ಯುಗಾದಿ ಬಂತು. ನಾಗಪುರದ ಬಿಸಿಲು ಬೇವು ಬೆಲ್ಲದಲ್ಲಿ ಬೆಲ್ಲದ ಪಾಲನ್ನು ಬತ್ತಿಸಿಬಿಡುತ್ತದೆ. ಸಂಘದ ತಗಡಿನ ಮಾಡಿನ ಕೆಳಗೆ ಹಗ್ಗ ಕಟ್ಟಿ ಗಂಡಸರು ಈ ಕಡೆ, ಹೆಂಗಸರು ಆ ಕಡೆ ಕೂತರು. ಎಂದೂ ಬಾರದ ಜನ ಬಂದಿದ್ದರು. ಸಂಘದವನಲ್ಲದ ನಾವಿಯೂ ಕೊನೆಯ ಸಾಲಿನಲ್ಲಿ ತಮ್ಮನನ್ನು ಕೂರಿಸಿಕೊಂಡು ಕುಳಿತಿದ್ದ, ತಮ್ಮ ಕೆಮ್ಮುತ್ತಿದ್ದ. ಕಾಶಿಬಾಯಿ ಹೆಂಗಸರ ನಡುವೆ ತಳವೂರಿ, ಅಕ್ಕಪಕ್ಕದವರಿಗೆ ಮರಾಠಿಯಲ್ಲಿ ಅಮೇರಿಕದ ಪರಿಸ್ಥಿತಿ ವಿವರಿಸುತ್ತಿದ್ದಳು. ಹಿಂದುಗಡೆ ದೊಡ್ಡ ಪಾತ್ರೆಯಲ್ಲಿ ವರ್ಷದ ಮುಷ್ಟಿ ಅಕ್ಕಿ ಕುದಿಯುತ್ತಿತ್ತು.

ನರಹರಿರಾಯರು ಕರಿ ಟೋಪಿ ಹಾಕಿ ಎದ್ದು ನಿಂತರು. ವನಜಾಕ್ಷಿಗೆ ಅಷ್ಟು ಜನರ ನಡುವೆ ಗಂಡ ಎತ್ತರವಾಗಿ ಕಂಡ. ಟೋಪಿಗೆ ತಾನೇ ಇಸ್ತ್ರಿ ಮಾಡಿದ್ದಳು, ಬಿಸಿನೀರಿನ ತಂಬಿಗೆಯಿಂದ.

"ಮಾನ್ಯ ಅಧ್ಯಕ್ಷರೇ! ಸರಕಾರವು ವೈದ್ಯ ಮತ್ತು ರೋಗಿಯ ನಡುವೆ ಗೋಡೆಯಾಗಿ ನಿಲ್ಲಬಾರದು!"

ಗುರುಸಿದ್ದಪ್ಪನವರು ತಲೆಯಾಡಿಸಿದರು. ಪಕ್ಕದಲ್ಲಿದ್ದ ಗುಂಡಪ್ಪನವರ ಹುಬ್ಬು ಮೇಲೆ ಹೋಯಿತು. ರಾಯರಿಗೆ ಹುಬ್ಬು ಕಂಡಿತು.

"ಎಂದು ಹೇಳುವವರು ಮೂರ್ಖರು!"

ಗುಂಡಪ್ಪನವರು ಚಪ್ಪಾಳೆ ತಟ್ಟಿದರು. ಗುರುಸಿದ್ದಪ್ಪನವರ ಕೈ ರುಮಾಲಿಗೆ ಹೋಯಿತು. ರಾಯರಿಗೆ ರುಮಾಲೂ ಕಂಡಿತು.

"ಆದರೆ, ಬಂಧುಗಳೇ, ಮೂರ್ಖರೇ ಅನೇಕ ಸಲ ವಿವೇಕಿಗಳಾಗಿರುತ್ತಾರೆ! ಬಡವನಿಗೆ ಔಷಧ ಯಾರು ಕೊಡಬೇಕು? ಸರಕಾರ! ಸರಕಾರದ ಔಷಧ ಯಾರು ಕುಡಿಯಬೇಕು? ಯಾರೂ ಕುಡಿಯಬಾರದು! ಯಾಕೆ ಕುಡಿಯಬಾರದು? ಕುಡಿಯಲೇಬೇಕು!"

ಬೆವರು ಟೋಪಿಯ ಕೆಳಗಿನಿಂದ ಎರಡು ಪಕ್ಷಗಳಲ್ಲೂ ಸಮನಾಗಿ ಇಳಿಯಿತು. ಅಮೇರಿಕಾ ಆ ದಿನ ಪ್ರಪಾತದ ಅಂಚಿಗೆ ಎಷ್ಟು ಸಲ ಬಂತು, ಎಷ್ಟು ಸಲ ಹಿಂದೆ ಹೋಯಿತು ಎಂದು ಹೇಳಲಾಗದು. ಕಡೆಗೆ ರಾಯರು "ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ" ಎಂದು ಕೂತರು. ಪ್ರಚಂಡ ಕರತಾಡನವಾಯಿತು. ಪ್ರತಿಯೊಬ್ಬನೂ ತನ್ನ ಪಕ್ಷವೇ ಗೆದ್ದಿತೆಂದು ತಿಳಿದಿದ್ದ.

ರುದ್ರಪ್ಪ ಎದ್ದು ಕೈಮುಗಿದ. "ನಾ ಹೇಳಬೇಕಂತ ತಂದಿದ್ದೆಲ್ಲಾ ರಾಯರ ಹೇಳಿಬಿಟ್ರು. ನಾ ಇನ್ನ ಏನ ಹೇಳ್ಲಿ? ಊಟಕ್ಕ ಏಳೂಣು."

"ತಡೀರಿ, ಪ್ರಶ್ನೆ ಇದ್ದರ ಕೇಳ್ರಿ," ಎಂದರು ಅಧ್ಯಕ್ಷರು. ಇದು ಪ್ರತಿ ವರ್ಷದ ಶಿಷ್ಟಾಚಾರ. ಯಾವ ವರ್ಷವೂ ಪ್ರಶ್ನೆ ಇರುತ್ತಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಹೋಳಿಗೆಯ ವಾಸನೆ ಬಂದಿರುತ್ತಿತ್ತು.

ಹಗ್ಗದ ಆಚೆ ಯಾರೋ ಎದ್ದು ನಿಂತರು. ಇಡೀ ಸಭೆ ತಿರುಗಿತು. ಸಂಘ ಹುಟ್ಟಿದಂದಿನಿಂದ ಆ ಕಡೆಯಿಂದ ಮಕ್ಕಳ ಅಳುವಿನ ಹೊರತು ಬೇರೆ ದನಿ ಬಂದಿರಲಿಲ್ಲ.

"ಅದರಾಗ ಹೆಂಡ್ತಿ ಬರ್ತಾಳೇನ್ರಿ?" ಎಂದಳು ವನಜಾಕ್ಷಿ.

ನರಹರಿರಾಯರು ತಾವು ಕೂತಲ್ಲೇ ಇನ್ನಷ್ಟು ಕೂತರು. ಗುಂಡಪ್ಪನವರು ಇಂಗ್ಲೆಂಡನ್ನು ತೆಗೆದುಕೊಳ್ಳಲು ಬಾಯಿ ತೆರೆದರು. ಅಷ್ಟರಲ್ಲಿ ಗುರುಸಿದ್ದಪ್ಪನವರು ಮೇಜು ಕುಟ್ಟಿದರು.

"ತಂಗೀ, ನೀ ಗಿರಣಿ ವಿಮಾದ ಮಾತು ತಗದಿ. ಅದು ಸಾವಿರ ಮೈಲಿ ಒಳಗ ಬರತೈತಿ. ನಿಯಮ ಇಲ್ಲ. ಕೂಡು."

"ಗಿರಣೀ ಮಾತು ಯಾರು ಆಡಿದ್ರಿ?" ಎಂದಳು ವನಜಾಕ್ಷಿ. "ನಾ ಕೇಳಿದ್ದು ಅಮೇರಿಕದ ಹೆಂಡ್ತೀದು. ಗಂಡ ಅಲ್ಲೆ ಗಿರಣ್ಯಾಗ ದುಡೀತಾನ. ಆಂವಗ ಕೆಮ್ಮಾದ್ರ ಸರಕಾರ ಔಷಧಾ ಕೊಡ್ತದ. ಆಕಿಗೆ ಬಲಪಕ್ಕಿ ಹಿಡಕೊಂಡದ, ನೀರು ಎತ್ತಲಿಕ್ಕೆ ಆಗೂದಿಲ್ಲ ಅಂತ ತಿಳೀರಿ. ಆಕಿಗೆ ಯಾರು ಕೊಡ್ತಾರ? ಬೇಕು ಅಂದವರೂ ಹೇಳ್ಲಿಲ್ಲ, ಬ್ಯಾಡ ಅಂದವರೂ ಹೇಳ್ಲಿಲ್ಲ."

ಗುರುಸಿದ್ದಪ್ಪನವರು ಮತ್ತೊಮ್ಮೆ ಮೈಲಿಗಳನ್ನು ಮನಸ್ಸಿನಲ್ಲಿ ಅಳೆದರು. ಅಮೇರಿಕಾ ಇದ್ದಲ್ಲೇ ಇತ್ತು. ನಿಯಮ ಮಾಡಿದವರಿಗೆ ನಿಯಮ ಬಿಟ್ಟು ಗತಿಯಿಲ್ಲ.

"ಪ್ರಶ್ನೆ... ನಿಯಮದಾಗ ಐತಿ," ಎಂದರು ಕುಗ್ಗಿದ ದನಿಯಲ್ಲಿ.

ಆ ಒಂದು ಮಾತು ಹಗ್ಗದ ಆಚೆಯ ಕಟ್ಟೆ ಒಡೆಯಿತು. ಯಲ್ಲಮ್ಮ ಎದ್ದಳು. "ಅಮೇರಿಕದಾಗ ಜಾಬರನ ಹೇಣ್ತಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಸಾಕ ಬರವಲ್ದಾತಂದ್ರ ಯಾರ ನೋಡ್ತಾರ?"

ರುದ್ರಪ್ಪ ಈಚೆಯಿಂದ ಅರ್ಧ ಎದ್ದ. "ಏ, ನಿನಗ ಕಣ್ಣು ಮಂಜಾಗ್ಯಾವನ? ಯಾವಾಗಿಂದ?"

"ನನಗೆಲ್ಲಿ? ಅಮೇರಿಕದಾಕಿಗೆ," ಎಂದಳು ಯಲ್ಲಮ್ಮ, ಅವನು ಕೂತಿದ್ದ ಕಡೆಗಲ್ಲ, ಒಂದು ಕಂಬದ ಕಡೆ ತಿರುಗಿ.

ರುದ್ರಪ್ಪ ಆ ಕಂಬವನ್ನೂ ಹೆಂಡತಿಯನ್ನೂ ನೋಡಿ ಮೆಲ್ಲಗೆ ಕೂತ.

ಆಮೇಲೆ ಅಮೇರಿಕದ ಅತ್ತೆಯ ಮೊಳಕಾಲು ಬಂತು. ಅಮೇರಿಕದ ಬಾಣಂತಿಯ ಜ್ವರ ಬಂತು. ಅಮೇರಿಕದ ವಿಧವೆ ಅತ್ತಿಗೆಯ ಹಲ್ಲು ಬಂತು. "ಅಮೇರಿಕದ ಬಾಯಾಂಚೀ ಕಂಬರ!" ಎಂದು ಕಾಶಿಬಾಯಿ ಕೂತಲ್ಲಿಂದಲೇ ಸೊಂಟ ತೋರಿಸಿದಳು. ಅಷ್ಟೊಂದು ಶ್ರೀಮಂತ ದೇಶದ ಹೆಂಗಸರು ಒಳಗೊಳಗೇ ಇಷ್ಟು ನವೆಯುತ್ತಿದ್ದಾರೆಂದು ನಮ್ಮ ಗಂಡಸರಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಎಲ್ಲರೂ ಗುಂಡಪ್ಪನವರನ್ನು ನೋಡಿದರು. ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಈ ಸಲ ಯಾವ ದೇಶವನ್ನೂ ತೆಗೆದುಕೊಳ್ಳಲಿಲ್ಲ.

"ಅಮೇರಿಕದ್ದು ನನಗೆ ಗೊತ್ತಿಲ್ಲ ತಾಯಿ," ಎಂದರು ಮೆಲ್ಲಗೆ. "ಆದರೆ ಇಂಥ ಯೋಜನೆಗಳಲ್ಲಿ ಮೊದಮೊದಲು ದುಡಿಯೋನಿಗೆ ಮಾತ್ರ. ಹೆಂಡತಿ ಮಕ್ಕಳನ್ನ ಮುಂದೆ ಸೇರಿಸ್ತಾರೆ. ಯಾವಾಗ ಅಂತ ನಾನು ಹೇಳಲಾರೆ."

ಹಿಂದೆ ಅನ್ನ ಕುದಿಯುವ ಸದ್ದು ಕೇಳಿಸಿತು. "ಆತ್ರಿ," ಎಂದಳು ವನಜಾಕ್ಷಿ. "ಹೇಳಿದ್ರಲ್ಲ, ಅದು ದೊಡ್ಡದು." ಕೂತಳು. ಕೂರುವಾಗ ಪಕ್ಕೆ ಹಿಡಿಯಿತು. ಯಾರಿಗೂ ಕಾಣದಂತೆ ಸೆರಗಿನೊಳಗೆ ಒತ್ತಿಕೊಂಡಳು.

ಸಂಘ ಅಂದು ಸರ್ವಾನುಮತದಿಂದ ಒಂದು ಠರಾವು ಪಾಸು ಮಾಡಿತು: ಹೆಂಡತಿಯನ್ನು ಸೇರಿಸದ ಯಾವ ವಿಮೆಯನ್ನೂ ಅಮೇರಿಕಾ ಜಾರಿಗೆ ತರಕೂಡದು. ಕೊನೆಯ ಸಾಲಿನ ನಾವಿಯೂ ಕೈ ಎತ್ತಿದ. ನಾಗಪುರದ ಕನ್ನಡಿಗರು ತನ್ನ ಬಗ್ಗೆ ಇಂಥದೊಂದು ತೀರ್ಮಾನ ಮಾಡಿದ್ದು ಅಮೇರಿಕಕ್ಕೆ ಇವತ್ತಿಗೂ ತಿಳಿದಂತಿಲ್ಲ. ನಷ್ಟ ಅದರದು.

ಊಟವಾಗಿ ಮನೆಗೆ ಹೊರಟಾಗ ನರಹರಿರಾಯರ ಹೆಜ್ಜೆ ನೆಲಕ್ಕೆ ತಾಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದರು. "ನಮ್ಮ ಮನೀಯವರ ಪ್ರಶ್ನೆ ಕೇಳಿದ್ರೇನು? ಸಾಹೇಬರೇ ಉತ್ತರ ಕೊಡಲಿಕ್ಕೆ ತಡವರಿಸಿದ್ರು! ಎರಡೂ ಭಾಷಣ ಆಕಿಗೆ ಬಾಯಿಪಾಠ." ನಾವಿ ಎದುರು ಬಂದು, ನಾಳೆ ಬನ್ನಿ, ಎರಡೂ ಗಲ್ಲ ಮಾಡುತ್ತೇನೆ ಎಂದು ಕೈಮುಗಿದು ಹೋದ. ಮುಂದೆ ರುದ್ರಪ್ಪ ಹೋಗುತ್ತಿದ್ದ. ಗಟಾರ ಬಂದಲ್ಲಿ ನಿಂತು, ಯಾರಾದರೂ ನೋಡುತ್ತಾರೋ ಎಂದು ಅತ್ತಿತ್ತ ನೋಡಿ, ಯಲ್ಲಮ್ಮನ ಕೈ ಹಿಡಿದು ದಾಟಿಸಿದ.

"ಬಲಪಕ್ಕಿ ಹಿಡಕೊಂಡದ ಅಂದ್ಯಲ್ಲ," ಎಂದರು ರಾಯರು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ. "ಏನು ಕಲ್ಪನಾ! ಕಣ್ಣಿಗೆ ಕಟ್ಟಿಧಾಂಗ ಆತು ನನಗ. ಪಾಪ, ಆ ಅಮೇರಿಕದ ಹೆಣ್ಣಮಗಳು ಹ್ಯಾಂಗ ತಡಕೋತಾಳೋ, ಹ್ಯಾಂಗ ಸೋಸ್ತಾಳೋ!"

ವನಜಾಕ್ಷಿ ಗಂಡನ ಮುಖ ನೋಡಿದಳು. ಅದರಲ್ಲಿ ನಿಜವಾದ ಕನಿಕರವಿತ್ತು. ಏಳು ಸಮುದ್ರ ದಾಟಿ ಹೋದ ಕನಿಕರ ಎದುರಿಗೆ ನಿಂತವಳನ್ನು ಹಾಯ್ದೇ ಹೋಗಿತ್ತು. ಆಕೆಗೆ ಸಿಟ್ಟು ಬರಬೇಕಾಗಿತ್ತು, ನಗು ಬಂತು.

"ಸೋಸೂದಿಲ್ಲ ಬಿಡ್ರಿ ಆಕಿ," ಅಂದಳು. "ಏನರ ಹಾದಿ ಹುಡಕ್ತಾಳ."

ಮರುದಿನ ಮುಂಜಾನೆ ಮೊರದಲ್ಲಿ ಅಕ್ಕಿ ಹಸನು ಮಾಡಿದಳು. ಸಂಘದ ಗಡಿಗೆ ಬರಿದಾಗಿ, ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಹೊಸ ವರ್ಷದ ಮೊದಲ ಮುಷ್ಟಿಗೆ ಕಾಯುತ್ತಿತ್ತು. ಆಕೆಯ ಮುಷ್ಟಿ ಗಡಿಗೆಯವರೆಗೆ ಹೋಯಿತು. ಅಲ್ಲಿ ನಿಂತಿತು.

ವರ್ಷವಿಡೀ ಚಾಳಿನ ಹೆಂಗಸರೆಲ್ಲ ಹಾಕಿದ ಮುಷ್ಟಿಗಳು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗಿದ್ದವು. ಇಂಥ ಮುಷ್ಟಿಯನ್ನು ಕಷ್ಟಕಾಲಕ್ಕೆ ಕೂಡಿಡುವುದಕ್ಕೇ ಅಲ್ಲವೇ ಅವರು ವಿಮೆ ಅನ್ನುವುದು? ಎರಡು ಭಾಷಣ ಬಾಯಿಪಾಠ ಮಾಡಿದವಳಿಗೆ ಅಷ್ಟು ತಿಳಿಯದೆ ಇರುತ್ತದೆಯೇ?

ಗೋಡೆಯ ಮಾಡದಲ್ಲಿದ್ದ ಖಾಲಿ ಡಾಲ್ಡಾ ಡಬ್ಬಿಯನ್ನು ಇಳಿಸಿ, ಸೆರಗಿನಿಂದ ಒರೆಸಿ, ಮುಷ್ಟಿಯನ್ನು ಅದರಲ್ಲಿ ಬಿಟ್ಟಳು. ಇನ್ನೊಂದು ಮುಷ್ಟಿ ಹಾಕಿದಳು. ಮೊರದಲ್ಲಿದ್ದುದನ್ನು ನೋಡಿ, ಇನ್ನಷ್ಟು ಹಾಕಿದಳು. ಅಮೇರಿಕದ ಹೆಂಡತಿ ಬಹಳ ದಿನದಿಂದ ಕಾಯುತ್ತಿದ್ದಳು. ಇವತ್ತು ರೊಟ್ಟಿ ಎರಡು ಹೆಚ್ಚು ಬಡಿದರಾಯಿತು.

"ಏ, ಸಂಘದ ಮುಷ್ಟಿ ಹಾಕಿದ್ಯಾ? ಇವತ್ತಿಂದ ಹೊಸಾ ವರ್ಷದ್ದು!" ಎಂದು ರಾಯರು ಹೊರಗಿನಿಂದ ಕೂಗಿದರು.

"ಹಾಕಿದೆ," ಎಂದಳು ವನಜಾಕ್ಷಿ.

"ಮುಂದಿನ ವರ್ಷ ಆಸ್ಟ್ರೇಲಿಯಾ ತಗೋಬೇಕಂತ ಮಾಡೀನಿ," ಎಂದಿತು ದನಿ. "ಮಾನ್ಯ ಅಧ್ಯಕ್ಷರೇ! ಇಂದು ಆಸ್ಟ್ರೇಲಿಯಾ..."

ಆಸ್ಟ್ರೇಲಿಯಾ ಪ್ರಪಾತದ ಕಡೆ ಹೊರಟಿತು. ವನಜಾಕ್ಷಿ ಡಬ್ಬಿಯ ಮುಚ್ಚಳ ಒತ್ತಿ, ಸಾರಿನ ಪುಡಿಯ ಹಿಂದೆ ಇಟ್ಟಳು. ಶುಕ್ರವಾರ ಗಿರಣಿಯ ಭೋಂಗಾ ಕೂಗಿ ಗಂಡ ಒಳಗೆ ಹೋದ ಮೇಲೆ ಧಂತೋಲಿಯ ಡಾಕ್ಟರಬಾಯಿಯ ಬಳಿಗೆ. ಇಳಕಲ್ ಸೀರೆ ಉಡಬೇಕು. ಡಬ್ಬಿ ಬಗಲಲ್ಲೇ ಇರಲಿ, ಸೆರಗು ಮುಚ್ಚುವುದು ಬೇಡ. ಮತ್ತು ಹಿಂದಿನ ಗಲ್ಲಿಯಿಂದಲ್ಲ, ಗಿರಣಿಯ ಮುಂದಿನ ದೊಡ್ಡ ರಸ್ತೆಯಿಂದಲೇ, ಟೈಂ ಆಫೀಸಿನ ಕಿಂಡಿಯ ಎದುರಿಗೇ ಹಾಯ್ದು ಹೋಗಬೇಕು.

ಗೋಡೆಯಾಚೆಯಿಂದ ಕಾಶಿಬಾಯಿ, "ವೈನೀ, ಏನ ಮಾಡ್ಲಿಕ್ಕೆ ಹತ್ತೀರಿ?" ಎಂದಳು.

"ಏನಿಲ್ಲ," ಎಂದಳು ವನಜಾಕ್ಷಿ. "ಅಕ್ಕಿ ಹಸನ ಮಾಡ್ಲಿಕ್ಕೆ ಹತ್ತೀನಿ."